ಮರಳ ಮೇಲಿನ ಮೊದಲ ಅಕ್ಷರ

ಮೇ ತಿಂಗಳು ಮುಗಿಯುತ್ತ ಬಂದಂತೆ ಐದಾರು ವರ್ಷದ ಮಗುವಿರುವ ಮನೆಗಳಲ್ಲಿ ಒಂದೇ ಮಾತು. ಈ ವರ್ಷವೇ ಒಂದನೇ ತರಗತಿಗೆ ಸೇರಿಸಬೇಕೆ, ಇನ್ನೊಂದು ವರ್ಷ ತಡೆಯಬೇಕೆ? ಕನ್ನಡವೋ, ಇಂಗ್ಲಿಷೋ? ಶಾಲೆಗೆ ಹೋಗುವ ಮೊದಲೇ ಮನೆಯಲ್ಲಿ ಅಕ್ಷರ ತಿದ್ದಿಸಬೇಕೆ, ಮಗ್ಗಿ ಬಾಯಿಪಾಠ ಮಾಡಿಸಬೇಕೆ, ಇಲ್ಲವೆ ಆಡಿಕೊಂಡಿರಲು ಬಿಡಬೇಕೆ? ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ರೈತನ ಮನೆಯಲ್ಲೂ ಬೆಂಗಳೂರಿನ ಬಡಾವಣೆಯ ಮನೆಯಲ್ಲೂ ಪ್ರಶ್ನೆಗಳು ಬೇರೆಯಲ್ಲ. ಪೇಟೆಯ ಕೆಲವು ತಂದೆತಾಯಿಗಳು ಒಂದು ಹೆಜ್ಜೆ ಮುಂದೆ ಹೋಗಿ, ಶಾಲೆಯೇ ಬೇಡ, ಮನೆಯಲ್ಲೇ ಪಾಠಕ್ರಮ ಆರಿಸಿ ಕಲಿಸುತ್ತೇವೆ ಎನ್ನುವುದೂ ಉಂಟು.

ಇದು ನಮ್ಮ ಕಾಲದ ಹೊಸ ತಲೆನೋವು ಎಂದು ಭಾವಿಸುವವರೇ ಹೆಚ್ಚು. ಆದರೆ ಮಗುವಿಗೆ ಮೊದಲು ಏನನ್ನು, ಯಾವ ವಯಸ್ಸಿಗೆ, ಯಾರು ಕಲಿಸಬೇಕು ಎಂಬುದನ್ನು ಸರ್ಕಾರ ತೀರ್ಮಾನಿಸತೊಡಗಿದ್ದೇ ಈಚೆಗೆ. ಅದಕ್ಕೆ ಮೊದಲು ಶತಮಾನಗಳ ಕಾಲ ಆ ತೀರ್ಮಾನ ಮನೆಯದಾಗಿತ್ತು. ಮನೆಯವರು ಏನನ್ನು ಆರಿಸಿಕೊಂಡಿದ್ದರು, ಆ ಆಯ್ಕೆ ಯಾರ ಪಾಲಿಗೆ ಇತ್ತು, ಯಾರ ಪಾಲಿಗೆ ಇರಲಿಲ್ಲ ಎಂಬುದನ್ನು ತಿಳಿಯಲು ಒಂದು ಒಳ್ಳೆಯ ದಾಖಲೆ ನಮ್ಮ ನೆರೆಯಲ್ಲೇ ಇದೆ.

ಗಡಿಯಾಚೆಯ ವರದಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇದರಲ್ಲಿ ಪಾವಗಡ ತಾಲ್ಲೂಕು ಆಂಧ್ರದ ನೆಲದೊಳಕ್ಕೆ ಚಾಚಿಕೊಂಡಿದೆ. ಗಡಿಯಾಚೆಯ ಮಡಕಶಿರಾ, ಹಿಂದೂಪುರ, ಪೆನುಕೊಂಡ ಸೀಮೆಗಳು ಹತ್ತೊಂಬತ್ತನೆಯ ಶತಮಾನದ ಬಹುಭಾಗ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದು 1882ರಲ್ಲಿ. ಆ ದೊಡ್ಡ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಬೆಲ್ ಎಂಬವರು 1823ರ ಆಗಸ್ಟ್‌ನಲ್ಲಿ ತಮ್ಮ ಜಿಲ್ಲೆಯ ಊರಶಾಲೆಗಳ ಬಗ್ಗೆ ಮದರಾಸಿಗೆ ಒಂದು ವರದಿ ಕಳಿಸಿದರು. ಕ್ಯಾಂಬೆಲ್ ಬರಿಯ ಕಂದಾಯ ಅಧಿಕಾರಿಯಲ್ಲ. 1816ರಲ್ಲೇ ತೆಲುಗು ವ್ಯಾಕರಣವೊಂದನ್ನು ಅಚ್ಚು ಮಾಡಿಸಿದ್ದ ಭಾಷಾಪಂಡಿತ.

ಈ ವರದಿಯನ್ನು ಕೇಳಿದವರು ಮದರಾಸಿನ ಗವರ್ನರ್ ಥಾಮಸ್ ಮನ್ರೋ. ಅವರು 1800ರಿಂದ 1807ರವರೆಗೆ ಬಳ್ಳಾರಿ-ಅನಂತಪುರ-ಕಡಪ ಸೀಮೆಯ ಮುಖ್ಯ ಕಲೆಕ್ಟರ್ ಆಗಿ ಹಳ್ಳಿ ಹಳ್ಳಿ ಸುತ್ತಿದವರು. 1822ರಲ್ಲಿ ಎಲ್ಲ ಜಿಲ್ಲೆಗಳಿಂದಲೂ ಶಾಲೆಗಳ ಪಟ್ಟಿ ತರಿಸಬೇಕೆಂದು ಅವರು ಆಜ್ಞೆ ಮಾಡಿದರು. ಆಗ ಮೈಸೂರು ಒಡೆಯರ ಆಳ್ವಿಕೆಯಲ್ಲಿದ್ದ ಕಾರಣ ಶಿರಾ, ಮಧುಗಿರಿ ಕಡೆಯ ಲೆಕ್ಕ ಈ ಪಟ್ಟಿಯಲ್ಲಿ ಸಿಕ್ಕುವುದಿಲ್ಲ. ಆದರೆ ಗಡಿಯ ಆಚೆಗೂ ಈಚೆಗೂ ಇದ್ದದ್ದು ಅದೇ ಜನ, ಅದೇ ಬೆಳೆ, ಅದೇ ಎರಡು ಭಾಷೆ. ಹಾಗಾಗಿ ಕ್ಯಾಂಬೆಲ್ ಕಂಡ ಶಾಲೆಯ ಚಿತ್ರ ನಮ್ಮ ಕಡೆಯ ಕೂಲಿಮಠಕ್ಕೂ ಬಹುಮಟ್ಟಿಗೆ ಒಪ್ಪುತ್ತದೆ.

ಇಲ್ಲಿ 'ಮಠ' ಎಂಬ ಮಾತನ್ನು ಗಮನಿಸಬೇಕು. ಪಟ್ಟನಾಯಕನಹಳ್ಳಿ ಎಂದೊಡನೆ ಸುತ್ತಲಿನ ಜನಕ್ಕೆ ನೆನಪಾಗುವುದು ಅಲ್ಲಿಯ ಗುರುಗುಂಡಬ್ರಹ್ಮೇಶ್ವರ ಸ್ವಾಮಿ ಮಠ. ಗುರುಗಳಿರುವ ಸ್ಥಾನಕ್ಕೆ ಮಠವೆನ್ನುವಂತೆಯೇ ಹಿಂದೆ ಮಕ್ಕಳು ಕಲಿಯುವ ಜಾಗಕ್ಕೂ ಮಠವೆನ್ನುತ್ತಿದ್ದರು. ಕಲಿಸುವ ಐಗಳಿಗೆ ಮಕ್ಕಳ ಮನೆಯವರೇ ಕೂಲಿ ಕೊಡುತ್ತಿದ್ದುದರಿಂದ ಅದು ಕೂಲಿಮಠ. ದೇವಸ್ಥಾನದ ಪಡಸಾಲೆಯೋ, ದೊಡ್ಡವರ ಮನೆಯ ಜಗುಲಿಯೋ ಅದಕ್ಕೆ ಸಾಕಾಗುತ್ತಿತ್ತು.

ಐದನೆಯ ವರ್ಷ, ಅಕ್ಕಿಯ ತಟ್ಟೆ

ಗಂಡುಮಗುವಿಗೆ ಐದು ತುಂಬುವ ಹೊತ್ತಿಗೆ ವಿದ್ಯಾರಂಭ. ಐದನೆಯ ವರ್ಷದ ಐದನೆಯ ತಿಂಗಳ ಐದನೆಯ ದಿನ ಒಳ್ಳೆಯದೆಂಬ ನಂಬಿಕೆಯೂ ಆಗ ಇತ್ತು. ಅಂದು ಮಗು ಶಾಲೆಗೆ ಹೋಗುತ್ತಿರಲಿಲ್ಲ; ಶಾಲೆಯೇ ಮಗುವಿನ ಮನೆಗೆ ಬರುತ್ತಿತ್ತು. ಉಪಾಧ್ಯಾಯರನ್ನೂ ಅವರ ಶಿಷ್ಯರನ್ನೂ ಮನೆಗೆ ಕರೆದು ಗಣಪತಿಯ ಸುತ್ತ ಕೂರಿಸುವರು. ಪೂಜೆಯಾದ ಮೇಲೆ ಉಪಾಧ್ಯಾಯರು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ಹೆಸರು ಬರೆಸುವರು. ಶಕ್ತ್ಯಾನುಸಾರ ಕಾಣಿಕೆ ಪಡೆದು ಅವರು ಹಿಂತಿರುಗಿದರೆ, ಮರುದಿನ ಬೆಳಗಿನಿಂದ ಪಾಠ ಶುರು. ಇಂದಿಗೂ ವಿಜಯದಶಮಿಯಂದು ಶೃಂಗೇರಿಯಲ್ಲೂ ಊರೂರ ದೇವಾಲಯಗಳಲ್ಲೂ ನಡೆಯುವ ಅಕ್ಷರಾಭ್ಯಾಸ ಈ ಪದ್ಧತಿಯದೇ ಮುಂದುವರಿಕೆ. 'ಓನಾಮ ತಿಳಿಯದವನು' ಎಂಬ ನಮ್ಮ ಬೈಗುಳವೂ ಅಕ್ಷರಮಾಲೆಗೆ ಮುಂಚೆ ಹೇಳಿಸುತ್ತಿದ್ದ ನಮಸ್ಕಾರದಿಂದಲೇ ಬಂದದ್ದು.

ಶಾಲೆ ಬೆಳಗಿನ ಆರು ಗಂಟೆಗೇ ಆರಂಭ. ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಅದು ಮರ್ಯಾದೆ. ಎರಡನೆಯವನ ಕೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾಗಿ ಬಂದಷ್ಟೂ ಏಟು ಹೆಚ್ಚು. ಕೂಲಿಮಠದ ಐಗಳ ಬೆತ್ತದ ಕಥೆಗಳನ್ನು ನಮ್ಮ ಹಿರಿಯರು ನಗುತ್ತ ಹೇಳುತ್ತಿದ್ದರೂ ಅನುಭವಿಸಿದ ಮಕ್ಕಳಿಗೆ ಅದು ನಗೆಯ ವಿಷಯವಾಗಿರಲಾರದು.

ಕಲಿಸುವ ಕ್ರಮ ಮಾತ್ರ ಸ್ವಾರಸ್ಯಕರ. ಯೂರೋಪಿನಲ್ಲಿ ಮಕ್ಕಳು ಅಕ್ಷರಗಳನ್ನು ಮೊದಲು ಬಾಯಲ್ಲಿ ಒಪ್ಪಿಸಿ ಕಲಿಯುತ್ತಿದ್ದರೆ, ಇಲ್ಲಿ ಮಗು ನೆಲದ ಮರಳಿನ ಮೇಲೆ ಬೆರಳಿನಿಂದ ಬರೆದು ಕಲಿಯುತ್ತದೆ ಎಂಬುದನ್ನು ಕ್ಯಾಂಬೆಲ್ ವಿಶೇಷವಾಗಿ ಗುರುತಿಸಿದರು. ತಪ್ಪಿದರೆ ಅಂಗೈಯಿಂದ ಒರೆಸಿದರಾಯಿತು. ಕಾಗದದ ಖರ್ಚಿಲ್ಲ, ತಪ್ಪಿನ ಗುರುತೂ ಉಳಿಯದು. ಬೆರಳು ಪಳಗಿದ ಮೇಲೆ ಓಲೆಗರಿಯ ಮೇಲೆ ಕಂಠದಿಂದ ಬರೆಯುವುದು, ಇಲ್ಲವೆ ಕಡತದ ಮೇಲೆ ಬಳಪದಿಂದ. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ ಮಾಡುತ್ತಿದ್ದ ಕಪ್ಪು ಹಲಗೆಯೇ ಕಡತ. ಇಂದು ಸರ್ಕಾರಿ ಕಚೇರಿಗಳಲ್ಲಿ ವಿಲೇವಾರಿಗೆ ಕಾದು ಕುಳಿತಿರುವ 'ಕಡತ'ಗಳ ಹೆಸರಿನ ಮೂಲ ಇದು.

ಅಕ್ಷರ, ಕಾಗುಣಿತ, ಒತ್ತಕ್ಷರ ಮುಗಿದೊಡನೆ ಬರೆಸುತ್ತಿದ್ದುದು ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳನ್ನು. ಅಂದರೆ ಮಗುವಿಗೆ ಮೊದಲೇ ಗೊತ್ತಿದ್ದ ಮಾತುಗಳನ್ನು. ಆಮೇಲೆ ನೂರರವರೆಗೆ ಎಣಿಕೆ, ಕೂಡುವ ಕಳೆಯುವ ಲೆಕ್ಕ, ಗುಣಾಕಾರ, ಹಣ ಮತ್ತು ಅಳತೆಗಳ ಲೆಕ್ಕ. ಇದಾದ ಮೇಲೆ ಊರಿನವರಿಂದ ತಂದ ನಿಜವಾದ ಕಾಗದಪತ್ರಗಳನ್ನು ಕೊಟ್ಟು ಬಗೆಬಗೆಯ ಕೈಬರಹ ಓದಿಸುವುದು, ಪತ್ರ ಬರೆಸುವುದು, ಕರಾರುಪತ್ರದ ಒಕ್ಕಣೆ ಕಲಿಸುವುದು.

ಮಗ್ಗಿಯ ವಿಚಾರವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. 'ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು' ಎಂಬುದಷ್ಟೇ ಅಂದಿನ ಮಗ್ಗಿಯಲ್ಲ. ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆಗಳಿಗೂ ಮಗ್ಗಿ ಇತ್ತು. ಕಾರಣ ಸರಳ. ಹಣಕ್ಕೆ ನಾಲ್ಕು ಹಾಗ, ಹದಿನಾರು ವೀಸ; ರೂಪಾಯಿಗೆ ಹದಿನಾರು ಆಣೆ; ಖಂಡುಗಕ್ಕೆ ಇಪ್ಪತ್ತು ಕೊಳಗ; ಸೇರು, ಅಚ್ಚೇರು, ಪಾವು, ಚಟಾಕು. ಈ ಲೋಕದಲ್ಲಿ ರಾಗಿ ಮಾರುವವನಿಗೂ ಕಂಬಳಿ ಕೊಳ್ಳುವವನಿಗೂ ಭಿನ್ನರಾಶಿ ಬಾಯಲ್ಲಿರಬೇಕಿತ್ತು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು, ಅದರ ಹಿಂದೆಯೇ ಕಿಲೋ, ಲೀಟರ್ ಬಂದ ಮೇಲೆ ಆ ಮಗ್ಗಿಗಳ ಕೆಲಸ ಮುಗಿಯಿತು. ಪಾಠ ಬದಲಾದದ್ದು ಸಂತೆ ಬದಲಾದ್ದರಿಂದ.

ಯಾವ ಭಾಷೆ?

ಬಳ್ಳಾರಿ ಜಿಲ್ಲೆಯಲ್ಲಿ ಆಗ ಇದ್ದ ಶಾಲೆಗಳು 533, ಮಕ್ಕಳು 6,641. ಈ ಶಾಲೆಗಳ ಭಾಷಾವಾರು ಲೆಕ್ಕ ಹೀಗಿದೆ: ಕನ್ನಡ 235, ತೆಲುಗು 226, ಮರಾಠಿ 23, ಸಂಸ್ಕೃತ 23, ಫಾರಸಿ 21, ತಮಿಳು 4, ಇಂಗ್ಲಿಷ್ 1. ಒಂದು ಜಿಲ್ಲೆಯೊಳಗೆ ಏಳು ಭಾಷೆಯ ಶಾಲೆಗಳು! ಮನೆಯವರು ಮಗುವಿನ ಮುಂದಿನ ಹೊಟ್ಟೆಪಾಡನ್ನು ನೋಡಿ ಭಾಷೆ ಆರಿಸುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕಂದಾಯದ ಲೆಕ್ಕಕ್ಕೆ ಮರಾಠಿ ಬೇಕಿದ್ದ ಕಾಲ ಅದು. ಫಾರಸಿಯಂತೂ ದರ್ಬಾರಿನ ಭಾಷೆ. 1687ರಿಂದ 1757ರವರೆಗೆ ಮೊಗಲರ ಸುಬಾದ ರಾಜಧಾನಿಯಾಗಿದ್ದ ಶಿರಾದಲ್ಲಿ ಫಾರಸಿ ಬಲ್ಲವನಿಗಿದ್ದ ಬೆಲೆಯನ್ನು ಇಂದಿನ ಇಂಗ್ಲಿಷಿಗೆ ಹೋಲಿಸಿದರೆ ತಪ್ಪಾಗದು.

ಹೀಗಿರುವಾಗ, 'ಮಕ್ಕಳನ್ನು ಇಂಗ್ಲಿಷಿಗೆ ಹಾಕುವ ಹುಚ್ಚು ಈಗ ಬಂತು' ಎನ್ನುವುದು ಪೂರ್ತಿ ನಿಜವಲ್ಲ. ಅಧಿಕಾರದ ಭಾಷೆಯತ್ತ ಮನೆಗಳು ಯಾವಾಗಲೂ ಕಣ್ಣಿಟ್ಟಿದ್ದವು. ಆದರೂ ಒಂದು ದೊಡ್ಡ ವ್ಯತ್ಯಾಸವಿದೆ. 533ರಲ್ಲಿ 461 ಶಾಲೆಗಳು ನಡೆಯುತ್ತಿದ್ದುದು ಆ ನೆಲದ ಎರಡು ಆಡುನುಡಿಗಳಲ್ಲಿ, ಕನ್ನಡ ಮತ್ತು ತೆಲುಗಿನಲ್ಲಿ. ಮೊದಲ ಅಕ್ಷರ ಬಹುಮಟ್ಟಿಗೆ ಬೀದಿಯ ಭಾಷೆಯದೇ. ದರ್ಬಾರಿನ ಭಾಷೆ ಕೆಲವರ ಪಾಲಿನದು.

ಹೊಗಳಿಕೆ ಮತ್ತು ತೆಗಳಿಕೆ

ಕ್ಯಾಂಬೆಲ್ ಮೆಚ್ಚಿದ ಸಂಗತಿಗಳು ಎರಡು. ಒಂದು, ಮರಳು-ಬಳಪಗಳ ಮಿತವ್ಯಯ. ಇನ್ನೊಂದು, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಪದ್ಧತಿ. ಇದರಿಂದ ಹೇಳಿಕೊಡುವವನ ಕಲಿಕೆಯೂ ಗಟ್ಟಿಯಾಗುತ್ತದೆ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದು ಅವರು ಬರೆದರು. ಮದರಾಸಿನ ಅನಾಥಾಲಯದ ಶಾಲೆಯ ಮೇಲ್ವಿಚಾರಕರಾಗಿದ್ದ ಆಂಡ್ರ್ಯೂ ಬೆಲ್, ಊರಶಾಲೆಯ ಮರಳ ಬರಹವನ್ನು ಕಂಡು ತಮ್ಮಲ್ಲಿ ಅಳವಡಿಸಿ, ಹುಡುಗರಿಂದ ಹುಡುಗರಿಗೆ ಕಲಿಸುವ ಕ್ರಮವನ್ನು ರೂಢಿಗೆ ತಂದು, 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ್ದರು. ಅಲ್ಲಿ ಅದು 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು. ಊರಶಾಲೆಯ ನಾಲ್ಕು ತರಗತಿಗಳಲ್ಲಿ ಮಗು ಮೇಲೇರುತ್ತಿದ್ದುದು ವರ್ಷದ ಲೆಕ್ಕದಿಂದಲ್ಲ, ತನ್ನ ಶಕ್ತಿ ಮತ್ತು ಪ್ರಗತಿಯ ಲೆಕ್ಕದಿಂದ.

ಅವರು ಕಂಡ ದೋಷವೂ ಅಷ್ಟೇ ಮುಖ್ಯ. ಮಕ್ಕಳು ಓದುತ್ತಿದ್ದ ಕಾವ್ಯಗಳ ಭಾಷೆ ಆಡುಭಾಷೆಗಿಂತ ಬೇರೆ. ಎಷ್ಟೋ ಪದ್ಯಗಳನ್ನು ಸರಾಗವಾಗಿ ಒಪ್ಪಿಸುವ ಹುಡುಗನಿಗೆ ಅವುಗಳ ಅರ್ಥ ಗಿಣಿಗೆ ತಿಳಿದಷ್ಟೂ ತಿಳಿಯದು ಎಂದು ಅವರು ದೂರಿದರು. ಕಲಿಸುವವರಿಗೇ ಅರ್ಥ ತಿಳಿಯದಿರುವುದೂ ಉಂಟು. ಕೈಬರಹದ ಪುಸ್ತಕಗಳು ಕಡಿಮೆ, ಇದ್ದವೂ ತಪ್ಪುಗಳಿಂದ ತುಂಬಿದ್ದವು.

ಅದಕ್ಕಿಂತಲೂ ದೊಡ್ಡ ದೋಷ ಅಂಕಿಗಳಲ್ಲೇ ಅಡಗಿದೆ. 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ 60. ಪಟ್ಟಿಯಲ್ಲಿ ಬ್ರಾಹ್ಮಣ ಹುಡುಗರಿಗಿಂತ ಶೂದ್ರರೆಂದು ಬರೆದವರ ಸಂಖ್ಯೆ ಹೆಚ್ಚಿತ್ತು ಎಂಬುದು ಗಮನಾರ್ಹವೇ. ಆದರೆ ಊರಾಚೆಯ ಕೇರಿಯ ಮಗು ಆ ಜಗುಲಿಯನ್ನು ಹತ್ತುವಂತಿರಲಿಲ್ಲ. ಬಡತನ ಹೆಚ್ಚಿದಂತೆ ಒಕ್ಕಲು ಮಕ್ಕಳನ್ನೂ ಶಾಲೆಯಿಂದ ಬಿಡಿಸುತ್ತಿದ್ದರು. ಕೈಮಗ್ಗ ಬಿದ್ದುಹೋದದ್ದೂ ಇದಕ್ಕೆ ಒಂದು ಕಾರಣವೆಂದು ಕ್ಯಾಂಬೆಲ್ ಗುರುತಿಸಿದರು. 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ ಎಂಬುದನ್ನು ಅವರು ನಾಚಿಕೆಯಿಂದಲೇ ಒಪ್ಪಿಕೊಂಡರು.

1983ರಲ್ಲಿ ಧರ್ಮಪಾಲ್ ಅವರು ಈ ಎಲ್ಲ ವರದಿಗಳನ್ನು ಒಟ್ಟುಗೂಡಿಸಿ 'ದಿ ಬ್ಯೂಟಿಫುಲ್ ಟ್ರೀ' ಎಂಬ ಹೆಸರಿನಲ್ಲಿ ಪ್ರಕಟಿಸಿದ ಮೇಲೆ ದೊಡ್ಡ ಚರ್ಚೆ ನಡೆಯಿತು. ಬ್ರಿಟಿಷರು ಕಡಿದುಹಾಕಿದ ಸುಂದರ ವೃಕ್ಷ ಎಂದು ಕೆಲವರು, ಆ ನೆರಳು ಎಲ್ಲರ ಮೇಲೆ ಬೀಳುತ್ತಿರಲಿಲ್ಲ ಎಂದು ಕೆಲವರು. ಕ್ಯಾಂಬೆಲ್ ವರದಿಯನ್ನು ಪೂರ್ತಿ ಓದಿದವರಿಗೆ ಎರಡು ಮಾತೂ ನಿಜವೆಂದೇ ತೋರುತ್ತದೆ.

ಮನೆಯಲ್ಲೇ ಕಲಿತವರು

ಮನ್ರೋ 1826ರ ಮಾರ್ಚ್ 10ರ ತಮ್ಮ ಟಿಪ್ಪಣಿಯಲ್ಲಿ ಒಟ್ಟು ಲೆಕ್ಕ ಹಾಕಿದರು. ಇಡೀ ಆಧಿಪತ್ಯದಲ್ಲಿ 12,498 ಶಾಲೆಗಳು, 1,88,650 ಮಕ್ಕಳು. ಆದರೆ ಈ ಲೆಕ್ಕದಿಂದ ಅವರಿಗೆ ತೃಪ್ತಿಯಾಗಲಿಲ್ಲ. ಏಕೆಂದರೆ ಶಾಲೆಗೆ ಹೋಗದೆ ತಂದೆಯಿಂದಲೋ ನೆಂಟರಿಂದಲೋ ಮನೆಗೆ ಬರುವ ಉಪಾಧ್ಯಾಯರಿಂದಲೋ ಕಲಿಯುವ ಮಕ್ಕಳು ಪಟ್ಟಿಯಲ್ಲಿ ಬಹುಮಟ್ಟಿಗೆ ಬಂದಿರಲಿಲ್ಲ. ಮದರಾಸು ನಗರದ ವರದಿಯೊಂದರಲ್ಲೇ ಮನೆಯಲ್ಲಿ ಕಲಿಯುವವರು 26 ಸಾವಿರಕ್ಕೂ ಹೆಚ್ಚು, ಶಾಲೆಗೆ ಹೋಗುವವರ ಹಲವು ಪಟ್ಟು, ಎಂದಿತ್ತು. ಆ ಅಂಕಿಯಲ್ಲಿ ತಪ್ಪಿರಬಹುದೆಂದು ಮನ್ರೋ ಅವರೇ ಸಂದೇಹಪಟ್ಟರು. ಆದರೂ ಮನೆಪಾಠವನ್ನು ಸೇರಿಸಿಕೊಂಡರೆ, ಓದು ಕಲಿಯುವ ಗಂಡುಮಕ್ಕಳ ಪ್ರಮಾಣ ನಾಲ್ಕನೇ ಒಂದಕ್ಕಿಂತ ಮೂರನೇ ಒಂದಕ್ಕೆ ಹತ್ತಿರ ಎಂದು ಅಂದಾಜು ಮಾಡಿದರು.

ಇಂದು ಹೊಸ ಪ್ರಯೋಗವೆಂದು ಹೇಳುವ ಮನೆಪಾಠ ಹೀಗೆ ಎರಡು ಶತಮಾನದ ಹಿಂದೆಯೇ ಸರ್ಕಾರದ ಲೆಕ್ಕಕ್ಕೆ ಸಿಕ್ಕದಷ್ಟು ಸಾಮಾನ್ಯವಾಗಿತ್ತು. ಆದರೆ ಅದು ಯಾರ ಮನೆಯಲ್ಲಿ ಸಾಧ್ಯವಿತ್ತು? ಅಕ್ಷರ ಬಲ್ಲವರಿದ್ದ ಮನೆಯಲ್ಲಿ. ಮನೆಪಾಠ ಇದ್ದ ವಿದ್ಯೆಯನ್ನು ಕಾಪಾಡುತ್ತದೆ. ಇಲ್ಲದ ಮನೆಗೆ ಅದನ್ನು ತಂದುಕೊಡಲಾರದು. ಸರ್ಕಾರಿ ಶಾಲೆ ಬೇಕಾದದ್ದು ಇಲ್ಲೇ.

ಬಾಗಿಲು ತೆರೆದ ಬಗೆ

ಮೈಸೂರು ಸೀಮೆಯಲ್ಲಿ ಆ ಬಾಗಿಲು ತೆರೆದದ್ದು ನಿಧಾನವಾಗಿ. ವಿದ್ಯಾ ಇಲಾಖೆ ಆರಂಭವಾದದ್ದು 1857ರಲ್ಲಿ. ಶಾಸನಗಳ ಶೋಧಕರೆಂದು ನಾವು ನೆನೆಯುವ ಬಿ. ಎಲ್. ರೈಸ್ ಅವರು ವಿದ್ಯಾ ಇಲಾಖೆಯ ಮುಖ್ಯಸ್ಥರೂ ಆಗಿದ್ದರು. ಹೋಬಳಿಗೊಂದು ಶಾಲೆ ಎಂಬ ಯೋಜನೆ 1868ರಲ್ಲಿ ಬಂದದ್ದು ಅವರಿಂದ. 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಶಾಸನವಾಯಿತು. ಅಲ್ಲಿಂದ ಮಗುವನ್ನು ಓದಿಸುವುದು ಮನೆಯ ಇಷ್ಟ ಮಾತ್ರವಾಗಿ ಉಳಿಯದೆ ಹೊಣೆಯೂ ಆಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಅದನ್ನು ಹಕ್ಕಾಗಿಸಿತು. ಐಗಳ ಬೆತ್ತವನ್ನೂ ನಿಷೇಧಿಸಿತು.

ಬಾಗಿಲು ಅಗಲವಾಯಿತು, ಆದರೆ ಒಳಗೆ ಹೋದ ಮಕ್ಕಳೆಲ್ಲ ಒಂದೇ ಪುಸ್ತಕವನ್ನು ಒಂದೇ ವೇಗದಲ್ಲಿ ಓದಬೇಕಾಯಿತು. ಈ ಬಿಗಿಯನ್ನು ಸಡಿಲಿಸಲು ನಮ್ಮವರು ಪ್ರಯತ್ನ ಮಾಡದೆ ಇರಲಿಲ್ಲ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಮಕ್ಕಳ ಬಾಯಿಗೆ ಅರ್ಥವಾಗುವ ಪದ್ಯ ಕೊಟ್ಟರು. ಕ್ಯಾಂಬೆಲ್ ಹೇಳಿದ ಗಿಣಿಪಾಠಕ್ಕೆ ಅದು ತಕ್ಕ ಉತ್ತರ. ಶಿವರಾಮ ಕಾರಂತರು 1936ರಲ್ಲಿ 'ಬಾಲಪ್ರಪಂಚ'ವನ್ನು ಮೂರು ಸಂಪುಟಗಳಲ್ಲಿ ತಂದು, ಪುತ್ತೂರಿನ ಬಾಲವನದಲ್ಲಿ ಆಟದೊಡನೆ ಪಾಠದ ಪ್ರಯೋಗ ನಡೆಸಿದರು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 'ನಲಿ-ಕಲಿ' ಆರಂಭವಾಯಿತು. ಆಂಧ್ರದ ರಿಷಿವ್ಯಾಲಿಯ ಗ್ರಾಮಶಾಲೆಗಳಿಂದ ಸ್ಫೂರ್ತಿ ಪಡೆದ ಈ ಕ್ರಮ 2009-10ರಲ್ಲಿ ರಾಜ್ಯದ ಎಲ್ಲ ಕನ್ನಡ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು. ಇದರಲ್ಲಿ ಅಕ್ಷರಮಾಲೆ 'ಅ ಆ ಇ ಈ' ಎಂದು ಶುರುವಾಗುವುದಿಲ್ಲ. 'ರ ಗ ಸ ದ ಅ' ಎಂದು. ಈ ಐದು ಅಕ್ಷರ ಬಂದರೆ ಮಗು 'ಅಗಸ', 'ಸರ', 'ದರ' ಎಂದು ಮೊದಲ ವಾರಗಳಲ್ಲೇ ಅರ್ಥವಿರುವ ಮಾತು ಬರೆಯಬಲ್ಲದು. ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ಕೂತು, ತಮ್ಮ ತಮ್ಮ ಮೆಟ್ಟಿಲಲ್ಲಿ ತಾವೇ ಏರುತ್ತ, ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಗಮನಿಸಿ ನೋಡಿದರೆ ಇದರಲ್ಲಿ ಕೂಲಿಮಠದ ಒಳ್ಳೆಯ ಅಂಶಗಳೇ ಬೆತ್ತವಿಲ್ಲದೆ, ಜಾತಿಯ ಹೊಸ್ತಿಲಿಲ್ಲದೆ ಮರಳಿ ಬಂದಂತಿದೆ.

ಆಯ್ಕೆಯ ಮುಂದೆ

ಆದರೂ ಮನೆಯ ಚಿಂತೆ ತೀರಿಲ್ಲ. 1994ರ ಭಾಷಾನೀತಿಯ ಆದೇಶದಂತೆ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆಯಲ್ಲೇ ಕಲಿಸಬೇಕೆಂದು ಸರ್ಕಾರ ಹೇಳಿತು. ಅದನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟು 2014ರ ಮೇ 6ರಂದು ತೀರ್ಪು ಕೊಟ್ಟಿತು. 2019-20ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ವಯಸ್ಸಿನ ಪ್ರಶ್ನೆಯೂ ಹಾಗೆಯೇ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ಪೋಷಕರ ಒತ್ತಾಯದ ಮೇಲೆ 2025-26ನೇ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಲಾಯಿತು. ಐದನೆಯ ವರ್ಷದ ಐದನೆಯ ತಿಂಗಳ ನಂಬಿಕೆ ಕೇಳಿದವರಿಗೆ ಈ ಅಂಕಿ ಕಂಡು ನಗು ಬಂದರೆ ಆಶ್ಚರ್ಯವಿಲ್ಲ.

ಪಾವಗಡದ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ, ಶಾಲೆಯಲ್ಲಿ ಕನ್ನಡ, ಕನಸಿನಲ್ಲಿ ಇಂಗ್ಲಿಷ್. ಇಂಥ ಮಗುವಿಗೆ ಮೊದಲ ಪಾಠ ಆರಿಸುವವರು ಹಳೆಯ ಜಗುಲಿಯಿಂದ ಎರಡು ಮಾತನ್ನು ತೆಗೆದುಕೊಳ್ಳಬಹುದು. ಬಲ್ಲ ಮಾತಿನಿಂದ ಬರಹ ಶುರುವಾಗಲಿ: ತನ್ನ ಹೆಸರು, ಊರ ಹೆಸರು, ಮನೆಯ ದನದ ಹೆಸರು. ಪಕ್ಕದ ಮನೆಯ ಮಗುವಿನ ವೇಗ ತನ್ನ ಮಗುವಿಗೆ ಅಳತೆಗೋಲಾಗದಿರಲಿ. ಕಲಿತದ್ದನ್ನು ತಮ್ಮ ತಂಗಿಯರಿಗೆ ಹೇಳಿಕೊಡಲು ಬಿಟ್ಟರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆಯಿಲ್ಲ. ಅರ್ಥ ತಿಳಿಯದೆ ಒಪ್ಪಿಸುವ ಇಂಗ್ಲಿಷ್ ಪದ್ಯಕ್ಕೂ ಅರ್ಥ ತಿಳಿಯದೆ ಒಪ್ಪಿಸುತ್ತಿದ್ದ ಹಳಗನ್ನಡ ಪದ್ಯಕ್ಕೂ ಹೆಚ್ಚಿನ ಅಂತರವಿಲ್ಲ ಎಂಬ ಎಚ್ಚರವೂ ಇರಲಿ.

ಇನ್ನೊಂದು ಮಾತು ಜಗುಲಿಯ ಆಚೆ ನಿಂತಿದ್ದವರದು. ಕ್ಯಾಂಬೆಲ್ ಲೆಕ್ಕದಲ್ಲಿ ಅರವತ್ತೇ ಆಗಿದ್ದ ಹೆಣ್ಣುಮಕ್ಕಳ, ಲೆಕ್ಕಕ್ಕೇ ಬಾರದ ಕೇರಿಯ ಮಕ್ಕಳ ಮೊಮ್ಮಕ್ಕಳು ಇಂದು ಒಂದನೇ ತರಗತಿಯ ಚಾಪೆಯ ಮೇಲೆ ಕೂತಿದ್ದಾರೆ. ಅವರಲ್ಲಿ ಅನೇಕರ ಮನೆಯಲ್ಲಿ ಪಾಠಕ್ರಮ ಆರಿಸಿ ಕಲಿಸಲು ಯಾರೂ ಇಲ್ಲ. ಅವರಿಗಿರುವುದು ಊರ ಶಾಲೆಯೊಂದೇ. ಅನುಕೂಲವಿರುವ ಮನೆಗಳು ತಮ್ಮ ಮಗುವಿಗೆ ಒಳ್ಳೆಯದನ್ನು ಆರಿಸಿಕೊಳ್ಳುವುದು ಸಹಜ. ಆದರೆ ಎಲ್ಲರೂ ಆ ಶಾಲೆಯನ್ನು ಬಿಟ್ಟು ಹೊರಟರೆ, ಇನ್ನೂರು ವರ್ಷ ಹಿಡಿದು ಅಗಲಿಸಿದ ಬಾಗಿಲು ಮತ್ತೆ ಕಿರಿದಾಗುತ್ತದೆ. ಒಂದನೇ ತರಗತಿಗೆ ಏನು ಕಲಿಸಬೇಕೆಂಬ ಪ್ರಶ್ನೆಯನ್ನು ತಮ್ಮ ಮಗುವಿಗಾಗಿ ಕೇಳುವವರು, ಊರ ಶಾಲೆಯ ಮಕ್ಕಳಿಗಾಗಿಯೂ ಒಮ್ಮೆ ಕೇಳುವುದು ಒಳ್ಳೆಯದು.